ದೊಡ್ಡಪ್ಪನ ಕ್ಯಾಸೆಟ್ಟೂ ನ್ಯಾಪ್‌ಸ್ಟರ್ ಕೇಸೂ

ಊರಿಗೆ ಹೋದಾಗಲೆಲ್ಲ ದೊಡ್ಡಪ್ಪನದು ಒಂದೇ ಪ್ರಶ್ನೆ. "ಕಂಪ್ಯೂಟ್ರಲ್ಲಿ ಎಲ್ಲಾನೂ ಸಿಗ್ತದಂತಲ್ಲ, ನನ್ನ ಹಾಡು ಸಿಗ್ತದೇನ್ಲಾ?"

ದೊಡ್ಡಪ್ಪ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. 1992ರಲ್ಲಿ ಪೇಟೆಯ ಕ್ಯಾಸೆಟ್ ಕಂಪನಿಯೊಂದು ಅವರಿಂದ ರಂಗಗೀತೆ ಹಾಡಿಸಿ, ಒಂದಿಷ್ಟು ದುಡ್ಡು ಕೊಟ್ಟು, ಹಾಳೆಯೊಂದಕ್ಕೆ ಸೈನ್ ಹಾಕಿಸಿಕೊಂಡಿತ್ತು. ಹಾಳೆಯಲ್ಲಿ ಏನು ಬರೆದಿತ್ತೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು. ಮನೆಯಲ್ಲಿದ್ದ ಒಂದೇ ಕ್ಯಾಸೆಟ್ಟಿನ ರೀಲು ಟೇಪ್ ರೆಕಾರ್ಡರಿಗೆ ಸುತ್ತಿಕೊಂಡು ಹಾಳಾಯಿತು.

ಹೋದ ವರ್ಷ ಅವೇ ಹಾಡುಗಳು ಫೈಲ್ ಹಂಚಿಕೊಳ್ಳುವ ಸೈಟೊಂದರಲ್ಲಿ ಸಿಕ್ಕಿಬಿಟ್ಟವು. ಯಾರೋ ಪುಣ್ಯಾತ್ಮ ಕ್ಯಾಸೆಟ್ಟಿಂದ ಎಂಪಿ3 ಮಾಡಿ ಏರಿಸಿದ್ದ. ಮೊಬೈಲಲ್ಲಿ ಹಾಕಿ ಕೇಳಿಸಿದೆ. ದೊಡ್ಡಪ್ಪ ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಇದ್ನ ಎಷ್ಟು ಜನ ಕೇಳವ್ರೆ?" ಅಂದರು. ಸಾವಿರದ ಚಿಲ್ಲರೆ ಜನ ಇಳಿಸಿಕೊಂಡಿದ್ದಾರೆ ಅಂದೆ. ಮುಖ ಅರಳಿತು. ಆಮೇಲೆ ಕೇಳಿದರು, "ಒಬ್ನಾದ್ರೂ ಒಂದು ಟೀ ಕುಡೀಲಿ ಅಂತ ಕಾಸು ಕೊಟ್ಟಿಲ್ವಾ?"

ಉತ್ತರ ತೋಚಲಿಲ್ಲ. ಬೆಂಗಳೂರಿಗೆ ವಾಪಸು ಬಂದವನು ಈ ವಿಷಯದ ಹಳೇ ತೀರ್ಪುಗಳನ್ನು ಹುಡುಕಿ ಓದಲು ಶುರುಮಾಡಿದೆ.

ಮೊದಲು ನ್ಯಾಪ್‌ಸ್ಟರ್. 1999ರಲ್ಲಿ ಶಾನ್ ಫ್ಯಾನಿಂಗ್ ಎಂಬ ಅಮೆರಿಕದ ಕಾಲೇಜು ಹುಡುಗ ಬರೆದ ಪ್ರೋಗ್ರಾಮು. ನಾನು ಬಿಇ ಓದುತ್ತಿದ್ದ ಕಾಲ. ಲ್ಯಾಬಿನಲ್ಲಿ ಒಂದು ಹಾಡು ಇಳಿಯುವಷ್ಟರಲ್ಲಿ ಕ್ಯಾಂಟೀನಿಗೆ ಹೋಗಿ ಬರಬಹುದಿತ್ತು. ಅದರ ಕೆಲಸದ ರೀತಿ ಸರಳ. ಹಾಡುಗಳು ಇರುತ್ತಿದ್ದುದು ಬಳಕೆದಾರರ ಕಂಪ್ಯೂಟರುಗಳಲ್ಲೇ, ಒಬ್ಬನಿಂದ ಇನ್ನೊಬ್ಬನಿಗೆ ನೇರವಾಗಿ ಹೋಗುತ್ತಿದ್ದವು. ಯಾವ ಹಾಡು ಯಾರ ಹತ್ತಿರ ಇದೆ ಎಂಬ ಪಟ್ಟಿ ಮಾತ್ರ ಕಂಪನಿಯ ಸರ್ವರಿನಲ್ಲಿ ಇರುತ್ತಿತ್ತು. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಕೂತು "ಆ ಮನೇಲಿ ಹಸು ಮಾರ್ತಾರೆ, ಹೋಗಿ ಕೇಳು" ಅನ್ನುವ ದಲ್ಲಾಳಿಯ ಹಾಗೆ.

1999ರ ಡಿಸೆಂಬರಿನಲ್ಲಿ ರೆಕಾರ್ಡ್ ಕಂಪನಿಗಳು ಕೇಸು ಹಾಕಿದವು. ನ್ಯಾಪ್‌ಸ್ಟರ್ ಹಿಡಿದ ಆಸರೆ 1984ರ ಸೋನಿ ಬೀಟಾಮ್ಯಾಕ್ಸ್ ತೀರ್ಪು. ವಿಸಿಆರ್ ಕೊಂಡವರು ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡಿಕೊಂಡರೆ ಸೋನಿ ಹೊಣೆಯೇ ಎಂಬ ಪ್ರಶ್ನೆಗೆ, ಯಂತ್ರಕ್ಕೆ ನ್ಯಾಯವಾದ ಉಪಯೋಗವೂ ಗಣನೀಯವಾಗಿದ್ದರೆ ಮಾರಿದವನು ಹೊಣೆಯಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 5-4ರ ಬಹುಮತದಲ್ಲಿ ಹೇಳಿತ್ತು. ಆದರೆ 2001ರ ಫೆಬ್ರವರಿಯಲ್ಲಿ ಮೇಲ್ಮನವಿ ಕೋರ್ಟು ನ್ಯಾಪ್‌ಸ್ಟರಿಗೆ ಆ ರಕ್ಷಣೆ ಕೊಡಲಿಲ್ಲ. ವಿಸಿಆರ್ ಮಾರಿದ ಮೇಲೆ ಸೋನಿಗೂ ಗಿರಾಕಿಗೂ ಸಂಬಂಧ ಮುಗಿಯಿತು, ನ್ಯಾಪ್‌ಸ್ಟರಿನ ಸರ್ವರ್ ದಿನವೂ ನಡೆಯುತ್ತಿದೆ. ಪಟ್ಟಿ ನಿನ್ನದು, ತಪ್ಪು ನಡೆಯುತ್ತಿರುವುದು ನಿನಗೆ ಗೊತ್ತು, ತಡೆಯುವ ಶಕ್ತಿಯೂ ನಿನಗಿದೆ. ಸ್ಥೂಲವಾಗಿ ಇದು ಕೋರ್ಟಿನ ತರ್ಕ. ಆಮೇಲೆ ಕಂಪನಿ ಹೆಸರು ನೋಡಿ ಹಾಡುಗಳನ್ನು ತಡೆಯಲು ಹೊರಟರೆ, ಜನ ಕಾಗುಣಿತ ತಪ್ಪಿಸಿ ಹೆಸರಿಟ್ಟು ಹಂಚಿಕೊಂಡರು. ಜುಲೈ ಹೊತ್ತಿಗೆ ಅಂಗಡಿ ಮುಚ್ಚಿತು.

ಆ ತೀರ್ಪು ತಪ್ಪು ಅಂತ ನಾನು ಹೇಳಲಾರೆ. ನನ್ನ ತಕರಾರು ಅದು ಕಲಿಸಿದ ಪಾಠದ ಬಗ್ಗೆ. ಪ್ರೋಗ್ರಾಮು ಬರೆಯುವ ನಮ್ಮಂಥವರು ಅದನ್ನು ಓದಿದ್ದು ಬಗ್ ರಿಪೋರ್ಟಿನ ಹಾಗೆ. ಪಟ್ಟಿ ಇಟ್ಟಿದ್ದೇ ತಪ್ಪಾ? ಸರಿ, ಪಟ್ಟಿ ತೆಗೆದುಬಿಡೋಣ! ಗ್ರೋಕ್‌ಸ್ಟರ್, ಮಾರ್ಫಿಯಸ್, ಕಜಾ ಮುಂದಕ್ಕೆ ಬಂದಿದ್ದು ಹೀಗೆ. ಕಂಪನಿಯ ಸರ್ವರಿನಲ್ಲಿ ಪಟ್ಟಿಯಿಲ್ಲ, ಬಳಕೆದಾರರ ಕಂಪ್ಯೂಟರುಗಳೇ ಪರಸ್ಪರ ವಿಚಾರಿಸಿಕೊಳ್ಳುತ್ತವೆ. ಕೆಳಗಿನ ಎರಡೂ ಕೋರ್ಟುಗಳು ಗ್ರೋಕ್‌ಸ್ಟರಿನ ಪರವಾಗಿಯೇ ತೀರ್ಪು ಕೊಟ್ಟವು. ಅಂದರೆ ಕಾನೂನು ನೋಡಿದ್ದು ಪೈಪು ಹಾಕಿದ ಕ್ರಮವನ್ನೇ ಹೊರತು, ನೀರು ಯಾರ ಬಾವಿಯದು ಎಂಬುದನ್ನಲ್ಲ.

2005ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದನ್ನು ಸರಿಮಾಡಿತು. ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ, ತಂತ್ರಕ್ಕಿಂತ ಉದ್ದೇಶ ನೋಡಬೇಕು ಎಂದರು. ಈ ಕಂಪನಿಗಳು ನ್ಯಾಪ್‌ಸ್ಟರ್ ಬಿಟ್ಟು ಬಂದವರಿಗೇ ಗಾಳ ಹಾಕಿದ್ದವು, ಕದ್ದ ಮಾಲು ತಡೆಯುವ ಪ್ರಯತ್ನ ಮಾಡಲಿಲ್ಲ, ಜನ ಜಾಸ್ತಿ ಬಳಸಿದಷ್ಟೂ ಜಾಹೀರಾತಿನ ದುಡ್ಡು ಎಣಿಸಿದವು. ಕದಿಯಲು ಹುರಿದುಂಬಿಸಿದವನು ಕಳ್ಳತನಕ್ಕೆ ಹೊಣೆ. ನಮ್ಮೂರ ಪಂಚಾಯ್ತಿ ಕಟ್ಟೆಯಲ್ಲಿ ಕೂತವರೂ ಒಪ್ಪುವ ಮಾತು ಇದು. ಒಂದೇ ತೊಂದರೆ, ಉದ್ದೇಶ ಅನ್ನುವುದು ಕೋಡ್‌ನಲ್ಲಿ ಕಾಣುವುದಿಲ್ಲ. ಪ್ರಾಮಾಣಿಕವಾಗಿ ಹೊಸದೇನೋ ಮಾಡಹೊರಟ ಹುಡುಗನಿಗೂ ವಕೀಲರ ಫೀಸಿನ ಹೆದರಿಕೆ ಅಲ್ಲಿಂದಲೇ ಶುರು.

ಆ ಹೆದರಿಕೆ ಬೆಂಗಳೂರಿಗೂ ಬಂತು. 2010ರಲ್ಲಿ ಇಲ್ಲಿನ ಗುರೂಜಿ ಡಾಟ್ ಕಾಮ್ ಎಂಬ ಹುಡುಕು ತಾಣದ ಮುಖ್ಯಸ್ಥರನ್ನು ಟಿ-ಸೀರೀಸ್ ದೂರಿನ ಮೇಲೆ ಪೊಲೀಸರು ಬಂಧಿಸಿದರು. ಅವರ ಸೈಟಿನಲ್ಲಿ ಹಾಡು ಹುಡುಕುವ ಸೌಲಭ್ಯವಿತ್ತು. ಅಮೆರಿಕದಲ್ಲಿ ಎರಡು ಕಂಪನಿಗಳ ವಕೀಲರು ಸಿವಿಲ್ ಕೋರ್ಟಿನಲ್ಲಿ ವಾದ ಮಾಡಿದಂಥ ಪ್ರಶ್ನೆ ನಮ್ಮಲ್ಲಿ ಸ್ಟೇಷನ್ನಿನ ಮೆಟ್ಟಿಲು ಹತ್ತಿತು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 63ನೇ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಇದೆ. ಹಣದ ಲಾಭಕ್ಕೆ ಮಾಡಿದ್ದಲ್ಲದಿದ್ದರೆ ಕೋರ್ಟು ಕಾರಣ ಬರೆದು ಶಿಕ್ಷೆ ಇಳಿಸಬಹುದು, ಅಷ್ಟೇ. ಹೊಣೆಯ ಗೆರೆ ಎಲ್ಲಿದೆ ಎಂದು ದೊಡ್ಡ ದೊಡ್ಡ ನ್ಯಾಯಾಧೀಶರೇ ತಲೆ ಕೆಡಿಸಿಕೊಂಡಿರುವ ವಿಷಯದಲ್ಲಿ ಮೊದಲು ಬೇಡಿ, ಆಮೇಲೆ ವಾದ ಅಂದರೆ ಹೇಗೆ ಸ್ವಾಮಿ?

ಹಾಗಂತ ನಮ್ಮ ಕಡೆಯವರನ್ನೂ ಬಿಡುವ ಹಾಗಿಲ್ಲ. "ಶೇರ್ ಮಾಡಿದ್ರೆ ತಪ್ಪೇನು, ಕಂಪನಿಗಳು ಕೊಳ್ಳೆ ಹೊಡೀತಾವೆ" ಅನ್ನುವುದು ನಮ್ಮ ಟೀ ಬ್ರೇಕಿನ ಖಾಯಂ ಮಾತು. ಇದನ್ನು ಹೇಳುವವರಿಗೆಲ್ಲ, ನನಗೂ ಸೇರಿ, ತಿಂಗಳ ಕೊನೆಗೆ ಸಂಬಳ ಬರುವುದು ಇದೇ ಕಾಪಿರೈಟಿನಿಂದ. ನಾವು ಬರೆದ ಸಾಫ್ಟ್‌ವೇರನ್ನು ಯಾರಾದರೂ ಹೀಗೆ 'ಹಂಚಿಕೊಂಡರೆ' ಮಾರನೇ ದಿನವೇ ನೋಟೀಸು ಹೋಗುತ್ತದೆ. ಹಾಸ್ಟೆಲಿನಲ್ಲಿ ನಾನು ಗುಡ್ಡೆ ಹಾಕಿಕೊಂಡಿದ್ದ ಹಾಡುಗಳಲ್ಲಿ ಹೆಚ್ಚಿನವು ಅಂಗಡಿಯಲ್ಲಿ ಸಿಗುತ್ತಿದ್ದಂಥವೇ. ದುಡ್ಡು ಉಳಿಸಿದೆ, ಅಷ್ಟೇ. ಅದಕ್ಕೆ ಸಿದ್ಧಾಂತದ ಶಾಲು ಹೊದಿಸುವುದು ಬೇಡ.

ಆದರೆ ದೊಡ್ಡಪ್ಪನ ಕ್ಯಾಸೆಟ್ಟು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಎಲ್ಲೂ ಸಿಗುವಂಥದ್ದಲ್ಲ. ನಮ್ಮ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ. ಅಂದರೆ ಮುಚ್ಚಿಹೋದ ಆ ಕಂಪನಿಯ ಹಕ್ಕು 2052ರವರೆಗೆ ಗಟ್ಟಿ. ರೀಲು ಅಷ್ಟು ವರ್ಷ ಬಾಳುವುದಿಲ್ಲ, ಹಾಡಿದವರೂ ಇರುವುದಿಲ್ಲ. ಹಕ್ಕುದಾರ ಪತ್ತೆಯಾಗದಿದ್ದರೆ ಲೈಸೆನ್ಸ್ ಕೇಳುವ ದಾರಿಯೊಂದು 31ಎ ಕಲಮಿನಲ್ಲಿ ಇದೆ. ಕಮರ್ಷಿಯಲ್ ಕೋರ್ಟಿಗೆ ಅರ್ಜಿ ಹಾಕಬೇಕು, ಅದಕ್ಕೂ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಹಳ್ಳಿಯ ಒಂದು ರಂಗಗೀತೆ ಕ್ಯಾಸೆಟ್ಟಿಗಾಗಿ ಇಷ್ಟೆಲ್ಲ ಓಡಾಡುವವರು ಯಾರು?

ಇನ್ನು ಟೀ ಕಾಸಿನ ಪ್ರಶ್ನೆ. 2012ರ ತಿದ್ದುಪಡಿ ಒಳ್ಳೆಯ ಕೆಲಸ ಮಾಡಿದೆ. ಸಿನಿಮಾ ಹಾಡು ಬರೆದವರೂ ಸಂಗೀತ ಕೂಡಿಸಿದವರೂ ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಬರೆದುಕೊಟ್ಟರೂ ಇನ್ನು ಅದು ಊರ್ಜಿತವಲ್ಲ. ಹಾಡಿದವರಿಗೂ ಹಕ್ಕು ಹೆಚ್ಚಿತು. ಆದರೆ ದೊಡ್ಡಪ್ಪ ಸೈನ್ ಹಾಕಿದ್ದು ಅದಕ್ಕೆ ಇಪ್ಪತ್ತು ವರ್ಷ ಮೊದಲು. ನ್ಯಾಪ್‌ಸ್ಟರ್, ಗ್ರೋಕ್‌ಸ್ಟರ್ ತೀರ್ಪುಗಳಲ್ಲೂ ನಾನು ಅವರಂಥವರನ್ನು ಹುಡುಕಿದೆ. ಅಲ್ಲಿ ಹೆಚ್ಚಿಗೆ ಮಾತಾಡುವವರು ಎರಡೇ ಜನ, ಹಾಡಿನ ಒಡೆಯ ಕಂಪನಿ ಮತ್ತು ತಂತ್ರದ ಒಡೆಯ ಕಂಪನಿ.

ನನಗೆ ತೋಚುವುದು ಇಷ್ಟು. ಹಾಡಿನ ಹಕ್ಕು ಇಟ್ಟುಕೊಂಡವನು ಅದನ್ನು ಜನಕ್ಕೆ ಸಿಗುವಂತೆಯೂ ಇಟ್ಟಿರಬೇಕು. ಇಷ್ಟು ವರ್ಷ ಯಾವ ರೂಪದಲ್ಲೂ ಮಾರದೆ ಬಿಟ್ಟರೆ ಹಕ್ಕು ಹಾಡಿದವರಿಗೋ ಬರೆದವರಿಗೋ ತಾನಾಗಿ ವಾಪಸಾಗಬೇಕು. ಆಗ ಅಂಗಡಿಯಲ್ಲಿರುವುದನ್ನು ಕದ್ದವನಿಗೂ ನಶಿಸುತ್ತಿರುವುದನ್ನು ಉಳಿಸಿದವನಿಗೂ ಒಂದೇ ಕಲಮು ಹಾಕುವ ಅವಾಂತರ ತಪ್ಪುತ್ತದೆ. ದೊಡ್ಡಪ್ಪನೇ ತನ್ನ ಹಾಡಿಗೆ ಹತ್ತು ರೂಪಾಯಿ ಬೆಲೆ ಇಡಬಹುದು.

ಮೊನ್ನೆ ನೋಡಿದೆ, ಆ ಸೈಟೇ ಈಗ ಇಲ್ಲ. ನನ್ನ ಹತ್ತಿರ ಫೈಲುಗಳಿವೆ. ದೊಡ್ಡಪ್ಪನ ಶಿಷ್ಯರು ಮೂವರು ಪೆನ್‌ಡ್ರೈವ್ ಹಿಡಿದು ಬಂದಾಗ ಹಾಕಿಕೊಟ್ಟೆ. ಕಾನೂನಿನ ಪ್ರಕಾರ ಅದು ಸರಿ ಅಂತ ಕೋರ್ಟಿನಲ್ಲಿ ನಿಂತು ವಾದಿಸುವ ಧೈರ್ಯ ನನಗಿಲ್ಲ. ದೊಡ್ಡಪ್ಪನಿಗೆ ಮಾತ್ರ ಒಂದೊಂದು ಟೀ ಕುಡಿಸಿ ಹೋಗಿ ಅಂದೆ. ಕುಡಿಸಿದರಂತೆ.