ಒಂದು ಸಾಲು ಜಾರಿದಾಗ: ಕ್ಯಾನ್ಸರ್ ಜೀನ್ ಸಂಶೋಧನೆ ಮತ್ತು ಪಾಠವಿಮರ್ಶೆ

ಆಧುನಿಕ ಜೀವವಿಜ್ಞಾನವು ತನ್ನ ಮುಖ್ಯ ಪರಿಭಾಷೆಯನ್ನು ಬರವಣಿಗೆಯ ಲೋಕದಿಂದ ಎರವಲು ಪಡೆದಿದೆ. ಡಿಎನ್‌ಎಯಿಂದ ಆರ್‌ಎನ್‌ಎ ರೂಪುಗೊಳ್ಳುವುದು ‘ಪ್ರತಿಲೇಖನ’; ಆರ್‌ಎನ್‌ಎಯನ್ನು ಅನುಸರಿಸಿ ಪ್ರೋಟೀನು ರಚನೆಯಾಗುವುದು ‘ಅನುವಾದ’; ಜೀವಕೋಶದಲ್ಲಿ ಒಂದು ಜೀನ್ ಎಷ್ಟು ಸಕ್ರಿಯವಾಗಿದೆ ಎಂಬುದು ಅದರ ‘ಅಭಿವ್ಯಕ್ತಿ’. ರೂಪಕಗಳನ್ನು ಎರವಲು ತಂದವರು ಅವುಗಳ ಹೊಣೆಯನ್ನೂ ಹೊರಬೇಕಾಗುತ್ತದೆ. ಓದು ಇರುವಲ್ಲಿ ತಪ್ಪು ಓದೂ ಇರುತ್ತದೆ. ಪ್ರತಿ ಇರುವಲ್ಲಿ ಲಿಪಿಕಾರನ ಪ್ರಮಾದವೂ ಇರುತ್ತದೆ. ಕ್ಯಾನ್ಸರ್ ಸಂಶೋಧನೆಯ ಈಚಿನ ಚರಿತ್ರೆಯಲ್ಲಿ ಈ ಮಾತಿಗೆ ರೂಪಕವನ್ನು ಮೀರಿದ ನಿದರ್ಶನವೊಂದಿದೆ.

ಸಾವಿರಾರು ಜೀನ್‌ಗಳ ಅಭಿವ್ಯಕ್ತಿಯನ್ನು ಒಮ್ಮೆಗೇ ಅಳೆಯಬಲ್ಲ ಮೈಕ್ರೊಅರೇ ಫಲಕಗಳು ಬಂದ ಮೇಲೆ ಗಡ್ಡೆಯನ್ನು ನೋಡುವ ಕ್ರಮವೇ ಬದಲಾಯಿತು. 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ತೀವ್ರ ರಕ್ತಕ್ಯಾನ್ಸರಿನ ಎರಡು ಬಗೆಗಳನ್ನು ಕೇವಲ ಅಭಿವ್ಯಕ್ತಿಯ ವಿನ್ಯಾಸದಿಂದ ಬೇರ್ಪಡಿಸಬಹುದೆಂದು ತೋರಿಸಿತು. ಯಾವ ರೋಗಿಗೆ ಯಾವ ಔಷಧ ಒಗ್ಗುತ್ತದೆಂಬುದನ್ನೂ ಹೀಗೆಯೇ ಓದಿ ಹೇಳಬಹುದೆ ಎಂಬುದು ಮುಂದಿನ ಸಹಜ ಪ್ರಶ್ನೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡವೊಂದು 2006ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಇದಕ್ಕೆ ಹೌದೆಂಬ ಉತ್ತರ ಕೊಟ್ಟಿತು. ಪ್ರಯೋಗಾಲಯದಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳಲ್ಲಿ ಔಷಧಕ್ಕೆ ಮಣಿಯುವವು, ಮಣಿಯದವು ಎಂದು ಎರಡು ಗುಂಪು ಮಾಡಿ, ಅವುಗಳ ವ್ಯತ್ಯಾಸವನ್ನು ಸೂಚಿಸುವ ಜೀನ್‌ಗಳ ಪಟ್ಟಿಯನ್ನು ಅದು ಮುಂದಿಟ್ಟಿತು. 2007ರಲ್ಲಿ ಇದೇ ಕ್ರಮವನ್ನು ಆಧರಿಸಿ ರೋಗಿಗಳ ಮೇಲೆ ಚಿಕಿತ್ಸಾ ಪ್ರಯೋಗಗಳೂ ಆರಂಭವಾದವು.

ಈ ಬರಹದ ಎದುರಿಗಿಟ್ಟು ಓದಬೇಕಾದದ್ದು ಹ್ಯೂಸ್ಟನ್‌ನ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ 2009ರಲ್ಲಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಲೇಖನ. ಹೊಸ ಪ್ರಯೋಗವನ್ನು ಅವರು ನಡೆಸಲಿಲ್ಲ. ಲಭ್ಯವಿದ್ದ ದತ್ತಾಂಶದಿಂದ ಮೂಲ ಫಲಿತಾಂಶವನ್ನು ಮರಳಿ ಕಟ್ಟಲು ಯತ್ನಿಸಿದರು. ಓಲೆಗರಿಯ ಪ್ರತಿಯಿಂದ ಮಾತೃಕೆಯತ್ತ ಹಿಂದೆ ನಡೆಯುವ ಗ್ರಂಥಸಂಪಾದಕನ ಕೆಲಸವೂ ಇದೇ.

ಅವರು ಕಂಡ ಮೊದಲ ದೋಷ ಅತಿ ಸರಳವಾದುದು: ಹಲವು ಪಟ್ಟಿಗಳಲ್ಲಿ ಜೀನ್‌ಗಳ ಗುರುತುಗಳು ಒಂದು ಸಾಲಿನಷ್ಟು ಜಾರಿದ್ದವು. ಕನ್ನಡ–ಮಲಯಾಳ ಪದಪಟ್ಟಿಯೊಂದರ ಬಲಗಡೆಯ ಅಂಕಣ ಒಂದು ಸಾಲು ಜಾರಿದರೆ ಪ್ರತಿಯೊಂದು ಪದವೂ ಶುದ್ಧವಾಗಿಯೇ ಉಳಿಯುತ್ತದೆ, ಪ್ರತಿಯೊಂದು ಅರ್ಥವೂ ತಪ್ಪಾಗುತ್ತದೆ. ಎರಡೂ ಭಾಷೆ ಬಲ್ಲವನು ಮೊದಲ ನೋಟಕ್ಕೇ ಇದನ್ನು ಹಿಡಿದಾನು. ಆದರೆ ಜೀನ್‌ಗಳ ಪಟ್ಟಿಗೆ ಅಂಥ ಸಹಜ ಓದುಗನಿಲ್ಲ. ಯಾವ ಪಟ್ಟಿಯನ್ನು ಕೊಟ್ಟರೂ ಅದಕ್ಕೊಂದು ಜೈವಿಕ ಕಥನವನ್ನು ಹೊಂದಿಸಬಹುದು. ವ್ಯಾಖ್ಯಾನದ ಈ ಅತಿಸುಲಭತೆಯೇ ದೋಷಕ್ಕೆ ಮರೆಯಾಯಿತು.

ಎರಡನೆಯದು ಇನ್ನೂ ಗಂಭೀರ. ಅದೇ ತಂಡ 2007ರಲ್ಲಿ ಪ್ರಕಟಿಸಿದ ಸಿಸ್‌ಪ್ಲ್ಯಾಟಿನ್ ಔಷಧದ ಪಟ್ಟಿಯಲ್ಲಿ 45 ನಮೂದುಗಳಿದ್ದವು. ಸಾಲನ್ನು ಸರಿಪಡಿಸಿದಾಗ 41 ಹೊಂದಿಕೊಂಡವು. 4 ಯಾವ ಲೆಕ್ಕಕ್ಕೂ ಸಿಗಲಿಲ್ಲ. ಅವುಗಳಲ್ಲಿ 2 ಬಳಸಿದ ಫಲಕದ ಮೇಲೆ ಇರಲೇ ಇಲ್ಲ. ಆದರೆ ಡಿಎನ್‌ಎ ದುರಸ್ತಿಗೆ ಸಂಬಂಧಿಸಿದ ಇಂಥ ನಮೂದುಗಳೇ ಮೂಲ ಲೇಖನದ ವಾದಕ್ಕೆ ಬಲ ಕೊಟ್ಟಿದ್ದವು. ಕಾವ್ಯದ ಪ್ರತಿಯಲ್ಲಿ ಇದನ್ನು ಪ್ರಕ್ಷಿಪ್ತವೆಂದು ಕರೆಯುತ್ತಾರೆ: ಮಾತೃಕೆಯಲ್ಲಿಲ್ಲದ, ಆದರೆ ಪ್ರತಿಕಾರನ ಆಶಯಕ್ಕೆ ಚೆನ್ನಾಗಿ ಒದಗುವ ಪದ್ಯ.

ಮೂರನೆಯದು ಅರ್ಥವನ್ನೇ ತಿರುವುಮುರುವು ಮಾಡಿದ ದೋಷ. ಪೆಮೆಟ್ರೆಕ್ಸೆಡ್ ಔಷಧದ ವಿಷಯದಲ್ಲಿ ‘ಮಣಿಯುವ’, ‘ಮಣಿಯದ’ ಎಂಬ ಹೆಸರುಪಟ್ಟಿಗಳು ಅದಲುಬದಲಾಗಿದ್ದವು. ಸಾಲು ಜಾರಿದಾಗ ವ್ಯಾಖ್ಯಾನ ಕೆಡುತ್ತದೆ. ಹೆಸರುಪಟ್ಟಿ ಮಗುಚಿದಾಗ ರೋಗಿಗೆ ಒಗ್ಗದ ಔಷಧವನ್ನೇ ಸೂಚಿಸುವ ಅಪಾಯ ಎದುರಾಗುತ್ತದೆ. 2009ರಲ್ಲಿ ತಡೆಹಿಡಿದ ಪ್ರಯೋಗಗಳು 2010ರ ಆರಂಭದಲ್ಲಿ ಮರಳಿ ತೆರೆದು, ಅದೇ ವರ್ಷ ಕೊನೆಗೊಂಡವು. ಅಷ್ಟರೊಳಗೆ ನೂರಕ್ಕೂ ಹೆಚ್ಚು ರೋಗಿಗಳು ಅವುಗಳಲ್ಲಿ ಸೇರಿದ್ದರು. 2006ರ ಲೇಖನವನ್ನು 2011ರ ಜನವರಿಯಲ್ಲಿ ಹಿಂತೆಗೆದುಕೊಳ್ಳಲಾಯಿತು. ತಂಡದ ಒಬ್ಬ ಸಂಶೋಧಕ ಸುಳ್ಳು ದತ್ತಾಂಶ ಸೇರಿಸಿದ್ದನೆಂದು ಅಮೆರಿಕದ ಸರಕಾರಿ ತನಿಖೆ 2015ರಲ್ಲಿ ನಿರ್ಣಯಿಸಿತು.

ಬರಹವಾಗಿ ನೋಡಿದರೆ 2009ರ ಲೇಖನದ ಶಕ್ತಿ ಅದರ ಸಂಯಮದಲ್ಲಿದೆ. ಅದು ಉದ್ದೇಶವನ್ನು ಊಹಿಸುವುದಿಲ್ಲ, ಪಾಠವನ್ನಷ್ಟೇ ಪರೀಕ್ಷಿಸುತ್ತದೆ. ಅತಿ ಸರಳ ತಪ್ಪುಗಳೇ ಅತಿ ಸಾಮಾನ್ಯವೆಂಬ ಅದರ ತೀರ್ಮಾನ ಹಸ್ತಪ್ರತಿಗಳನ್ನು ಬಲ್ಲವರಿಗೆ ಅಪರಿಚಿತವಲ್ಲ. ಅದರ ಮಿತಿ ಬೇರೆಡೆಯಿದೆ. ಸಂಖ್ಯಾಶಾಸ್ತ್ರಜ್ಞರನ್ನು ಉದ್ದೇಶಿಸಿದ ಆ ಗದ್ಯವು ರೋಗಿಗಳಿಗಿರುವ ಅಪಾಯವನ್ನು ಸ್ಪಷ್ಟವಾಗಿ ಹೇಳಿದರೂ, ಆ ಮಾತು ತಲುಪಬೇಕಾದವರ ಕೈಗೆ ಸುಲಭವಾಗಿ ಎಟಕುವಂತಿರಲಿಲ್ಲ.

ಇಷ್ಟರಿಂದ ಜೀನ್ ಅಭಿವ್ಯಕ್ತಿಯ ಓದೇ ಹುಸಿಯೆಂದು ತೀರ್ಮಾನಿಸಲಾಗದು. 6693 ಮಹಿಳೆಯರನ್ನು ಒಳಗೊಂಡು 2016ರಲ್ಲಿ ಪ್ರಕಟವಾದ ಯುರೋಪಿನ ‘ಮೈಂಡ್ಯಾಕ್ಟ್’ ಅಧ್ಯಯನವು ಸ್ತನಕ್ಯಾನ್ಸರಿನ 70 ಜೀನ್‌ಗಳ ಪರೀಕ್ಷೆಯನ್ನು ಒರೆಗೆ ಹಚ್ಚಿತು. ವೈದ್ಯಕೀಯ ಲಕ್ಷಣಗಳ ಪ್ರಕಾರ ಹೆಚ್ಚಿನ ಅಪಾಯ, ಜೀನ್ ಪರೀಕ್ಷೆಯ ಪ್ರಕಾರ ಕಡಿಮೆ ಅಪಾಯವಿದ್ದು ಕಿಮೊಥೆರಪಿ ಪಡೆಯದವರಲ್ಲಿ ಶೇ. 94.7 ಮಂದಿ ಐದು ವರ್ಷಗಳ ಬಳಿಕವೂ ದೂರದ ಅಂಗಗಳಿಗೆ ರೋಗ ಹರಡದೆ ಬದುಕಿದ್ದರು. ಮುಂದಿನ ವರ್ಷಗಳ ಅನುಸರಣೆಯು 50 ವರ್ಷದೊಳಗಿನವರ ಮಟ್ಟಿಗೆ ಇದೇ ಫಲಿತಾಂಶವನ್ನು ಎಚ್ಚರದಿಂದ ಓದಬೇಕೆಂದು ತೋರಿಸಿತು. ಒಳ್ಳೆಯ ಪಾಠ ತನ್ನ ತಿದ್ದುಪಡಿಗೂ ತೆರೆದಿರುತ್ತದೆ.

2012ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಹೊರತಂದ ವರದಿ ಇಂಥ ಪರೀಕ್ಷೆಗಳ ದತ್ತಾಂಶ ಮತ್ತು ಗಣಕಕ್ರಮಗಳನ್ನು ಬೇರೆಯವರ ಪರಿಶೀಲನೆಗೆ ಒದಗಿಸಬೇಕೆಂದು ಶಿಫಾರಸು ಮಾಡಿತು. ಮಾತೃಕೆಯನ್ನು ತೋರಿಸದ ಸಂಪಾದನೆಯನ್ನು ಭಾಷಾವಿದ್ವಾಂಸರು ಒಪ್ಪುವುದಿಲ್ಲ. ದೇಹವನ್ನು ಗ್ರಂಥವೆಂದು ಕರೆದ ವಿಜ್ಞಾನಕ್ಕೆ ಈ ನಿಯಮದಿಂದ ವಿನಾಯಿತಿ ಇರಲಾರದು. ಏಕೆಂದರೆ ಇಲ್ಲಿ ಅಪಪಾಠದ ಬೆಲೆಯನ್ನು ತೆರುವವನು ಓದುಗನಲ್ಲ, ರೋಗಿ.