ಹಳೆಯ ಗಣಕಯಂತ್ರದ ಆಟಗಳು

ಹಳೆಯ ಗಣಕಯಂತ್ರದಲ್ಲಿ ಆಡಿ ಸುಖಪಡಬಹುದಾದ ಆಟ ಯಾವುದೆಂಬ ಪ್ರಶ್ನೆ ಸಾಹಿತ್ಯದ ಪುಟಕ್ಕೆ ತಕ್ಕುದೇ ಎಂದು ಕೆಲವು ವಾಚಕರಾದರೂ ಹುಬ್ಬೇರಿಸಬಹುದು. ತಕ್ಕುದೆಂದೇ ನನ್ನ ನಂಬಿಕೆ. ಆಟಕ್ಕೂ ಒಬ್ಬ ಕರ್ತೃವಿದ್ದಾನೆ, ಒಂದು ಕಟ್ಟಡವಿದೆ, ಔಚಿತ್ಯ ಅನೌಚಿತ್ಯಗಳಿವೆ. ಇಷ್ಟೆಲ್ಲ ಇದ್ದಮೇಲೆ ವಿಮರ್ಶೆಯೂ ಇರಬೇಕಾದದ್ದು ನ್ಯಾಯ. ನಮ್ಮಲ್ಲಿ ಅದು ಬೆಳೆಯದಿರುವುದಕ್ಕೆ, ಆಟವನ್ನು ಮಕ್ಕಳ ಪಾಲಿಗೆ ಬಿಟ್ಟು ದೊಡ್ಡವರು ಕೈತೊಳೆದುಕೊಂಡದ್ದೇ ಕಾರಣ.

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಲ್ಲಿ (ಹಾಸನದ ಕಡೆಯ ರೈಲ್ವೆ ಜಂಕ್ಷನ್ ಅಲ್ಲ, ಮೆಕ್ಕೆಜೋಳದ ಸೀಮೆಯ ಅರಸೀಕೆರೆ) ಬಂಧುವೊಬ್ಬರ ಮನೆಯ ಅಟ್ಟದ ಮೇಲಿದ್ದ ಪೀಸಿಯೊಂದನ್ನು ಇಳಿಸಿ, ದೂಳು ಕೊಡವಿ, ನಡೆಸಿ ನೋಡುವ ಅವಕಾಶ ನನಗೆ ಒದಗಿತು. 640 ಕಿಲೋಬೈಟಿನ ನೆನಪು, 360 ಕಿಲೋಬೈಟಿನ ಫ್ಲಾಪಿ, ಒಮ್ಮೆಗೆ ನಾಲ್ಕೇ ಬಣ್ಣ ತೋರುವ ತೆರೆ. ಇಷ್ಟೇ ಅದರ ಐಶ್ವರ್ಯ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಆ ಫ್ಲಾಪಿಯಲ್ಲಿ ಹಿಡಿಸದು. ಮನೆಯ ಹುಡುಗರು ಕುತೂಹಲದಿಂದ ಸುತ್ತ ನೆರೆದರು. ಕೆಲವು ಆಟಗಳನ್ನು ಐದೇ ನಿಮಿಷಕ್ಕೆ ಬಿಟ್ಟೆದ್ದರು. ಕೆಲವಕ್ಕೆ ಊಟದ ಕರೆ ಬಂದರೂ ಅಂಟಿಕೊಂಡಿದ್ದರು. ಹಳೆಯ ದಿನಗಳ ನೆನಪಿನ ಮೋಹ ನನಗಿರಬಹುದು, ಅವರಿಗಿಲ್ಲ. ಆದ್ದರಿಂದ ಅವರ ತೀರ್ಪಿಗೆ ಬೆಲೆಯುಂಟೆಂದು ಬಗೆದು, ಅದರ ಕಾರಣವನ್ನು ಹುಡುಕಲೆತ್ನಿಸಿದ್ದೇನೆ.

ಮೊದಲನೆಯದು ಪ್ಯಾರಾಟ್ರೂಪರ್. 1982ರಲ್ಲಿ ಇದನ್ನು ರಚಿಸಿದ ಗ್ರೆಗ್ ಕೂಪರ್‌ಬರ್ಗ್ ಮುಂದೆ ಗಣಿತದ ಪ್ರಾಧ್ಯಾಪಕನಾದ. ನೆಲದ ನಡುವೆ ಒಂದು ಫಿರಂಗಿ, ಮೇಲೆ ಹೆಲಿಕಾಪ್ಟರುಗಳು, ಅವುಗಳಿಂದ ಕೊಡೆ ಬಿಚ್ಚಿ ಇಳಿಯುವ ಸಿಪಾಯಿಗಳು. ಹೊಡೆದು ಉರುಳಿಸಬೇಕು. ಇಷ್ಟೇ ಆಗಿದ್ದರೆ ಇದು ಹತ್ತರಲ್ಲಿ ಹನ್ನೊಂದನೆಯದಾಗುತ್ತಿತ್ತು. ಆದರೆ ಹಾರಿಸಿದ ಪ್ರತಿಯೊಂದು ಗುಂಡಿಗೂ ಒಂದು ಅಂಕ ಕಳೆಯುತ್ತದೆ! ಇತ್ತ, ಫಿರಂಗಿಯ ಒಂದೇ ಮಗ್ಗುಲಲ್ಲಿ ನಾಲ್ವರು ಇಳಿದುಬಿಟ್ಟರೆ ಅವರು ಒಬ್ಬರ ಮೇಲೊಬ್ಬರು ಏರಿ ಅದನ್ನು ಉಡಾಯಿಸುತ್ತಾರೆ. ದುಂದು ಮಾಡಿದರೆ ಅಂಕ ಹೋಯಿತು. ಜಿಪುಣತನ ಮಾಡಿದರೆ ಪ್ರಾಣವೇ ಹೋಯಿತು. ತಿಂಗಳ ಕೊನೆಯ ವಾರದಲ್ಲಿರುವ ಸಂಸಾರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ಡಿಗ್ಗರ್, 1983ರಲ್ಲಿ ಕೆನಡಾದ ವಿಂಡ್‌ಮಿಲ್ ಸಾಫ್ಟ್‌ವೇರ್ ಹೊರತಂದದ್ದು. ಮಣ್ಣು ಕೊರೆಯುತ್ತ ಪಚ್ಚೆಗಳನ್ನು ಆಯುವುದು ಇದರ ವಸ್ತು. ನಡುನಡುವೆ ಚಿನ್ನದ ಚೀಲಗಳಿವೆ. ಬುಡದ ಮಣ್ಣನ್ನು ತೆಗೆದರೆ ಚೀಲ ಒಂದು ಗಳಿಗೆ ಅಲುಗಾಡಿ, ಧೊಪ್ಪನೆ ಬೀಳುತ್ತದೆ. ಕೆಳಗೆ ವೈರಿ ಇದ್ದರೆ ಅವನು ಜಜ್ಜಿಹೋಗುತ್ತಾನೆ, ನಾವಿದ್ದರೆ ನಾವು. ನಾವು ತೋಡಿದ ಸುರಂಗವೇ ವೈರಿಗೂ ದಾರಿ. ಆದಕಾರಣ ಸೋತಾಗ ದೂರುವುದಕ್ಕೆ ಬೇರೊಬ್ಬರಿಲ್ಲ. ಒಳ್ಳೆಯ ಆಟದ ಮುಖ್ಯ ಲಕ್ಷಣ ಇದೇ ಎಂದು ನನಗೆ ತೋರುತ್ತದೆ: ಸೋತವನಿಗೆ ತನ್ನ ಸೋಲು ನ್ಯಾಯವೆನಿಸಬೇಕು. ಹಾಗೆ ಎನಿಸಿದರೆ ಮಾತ್ರ ಅವನು ಮತ್ತೆ ಆಡುತ್ತಾನೆ.

ಡೇಂಜರಸ್ ಡೇವ್ ಎಂಬುದರ ಹೆಸರು 1990ರ ದಶಕದಲ್ಲಿ ಗಣಕ ಕಲಿತ ಬಹುಮಂದಿಗೆ ಪರಿಚಿತ. ಜಾನ್ ರೊಮೆರೊ 1988ರಲ್ಲಿ ಇದನ್ನು ಆಪಲ್ ಯಂತ್ರಕ್ಕಾಗಿ ಬರೆದ. ಬಳಿಕ ಪೀಸಿಗೆ ಬಂತು. ಬಟ್ಟಲನ್ನು ಕೈವಶ ಮಾಡಿಕೊಂಡರೆ ಬಾಗಿಲು ತೆರೆಯುತ್ತದೆ. ನಡುವೆ ಬೆಂಕಿ, ನೀರು, ಪಿಶಾಚಿಗಳು. ಇದರ ಕೀರ್ತಿ ಇದರ ಯೋಗ್ಯತೆಗಿಂತ ದೊಡ್ಡದೆಂದು ಹೇಳಿದರೆ ಅಭಿಮಾನಿಗಳು ಮುನಿಯಬಾರದು. ಎಲ್ಲಿ ನೆಗೆಯಬೇಕೆಂಬುದನ್ನು ಒಮ್ಮೆ ಬಾಯಿಪಾಠ ಮಾಡಿಕೊಂಡರೆ ಆಟದಲ್ಲಿ ಉಳಿಯುವುದು ಬೆರಳಿನ ಚಾಕಚಕ್ಯ ಮಾತ್ರ. ಅರಸೀಕೆರೆಯ ಹುಡುಗರು ಬೇಗ ಬಿಟ್ಟದ್ದು ಇದನ್ನೇ.

ಪ್ರಿನ್ಸ್ ಆಫ್ ಪರ್ಷಿಯಾ ಬೇರೆಯ ದರ್ಜೆಯ ಕೃತಿ. ಜೋರ್ಡನ್ ಮೆಕ್ನರ್ ತನ್ನ ತಮ್ಮ ಓಡುವುದನ್ನೂ ನೆಗೆಯುವುದನ್ನೂ ಚಿತ್ರೀಕರಿಸಿಕೊಂಡು, ಆ ಚಲನೆಯನ್ನೇ ಗೆರೆಗಿಳಿಸಿ 1989ರಲ್ಲಿ ಇದನ್ನು ಹೊರತಂದ. ಅರವತ್ತು ನಿಮಿಷದೊಳಗೆ ರಾಜಕುಮಾರಿಯನ್ನು ಬಿಡಿಸಬೇಕು. ಯಂತ್ರದ ನೆನಪಿನಲ್ಲಿ ಹೊಸ ಪಾತ್ರಕ್ಕೆ ಎಡೆಯಿರಲಿಲ್ಲ. ಆದ್ದರಿಂದ ಕರ್ತೃ ನಾಯಕನ ಚಿತ್ರವನ್ನೇ ತುಸು ಬದಲಿಸಿ ಒಂದು ನೆರಳನ್ನು ಸೃಷ್ಟಿಸಿದ. ಕೊನೆಯಲ್ಲಿ ಆ ನೆರಳು ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಅದಕ್ಕೆ ಹಾಕಿದ ಪೆಟ್ಟು ನಮಗೇ ಬೀಳುತ್ತದೆ. ಕತ್ತಿಯನ್ನು ಒರೆಗೆ ಸೇರಿಸಿ ಅದರೊಡನೆ ಒಂದಾದರೆ ಮಾತ್ರ ದಾರಿ. ಬಡತನವೇ ಇಲ್ಲಿ ಅರ್ಥವಾಗಿ ಅರಳಿದೆ. ಹಾಗೆಂದಮಾತ್ರಕ್ಕೆ ಬಡತನದಿಂದಲೇ ಕಲೆ ಹುಟ್ಟುತ್ತದೆಂದು ಭ್ರಮಿಸಬಾರದು. ಅಷ್ಟೇ ಕಿಲೋಬೈಟುಗಳಲ್ಲಿ ನೀರಸವಾದ ಆಟಗಳೂ ಬೇಕಾದಷ್ಟು ಬಂದಿವೆ.

ಟೆಟ್ರಿಸ್ ಇನ್ನೂ ಮುಂದೆ ಹೋಯಿತು. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೋವ್ ಅದನ್ನು ರಚಿಸಿದ ಯಂತ್ರಕ್ಕೆ ಚಿತ್ರ ಬರೆಯುವ ಶಕ್ತಿಯೇ ಇರಲಿಲ್ಲ. ಬೀಳುವ ತುಂಡುಗಳನ್ನು ಅವನು ಆವರಣಚಿಹ್ನೆಗಳಿಂದ ಜೋಡಿಸಿದ. ನಮ್ಮವರಿಗೆ ಇದು ಹೊಸದಲ್ಲ. ಅರಸೀಕೆರೆ ಈಗ ಸೇರಿರುವ ವಿಜಯನಗರ ಜಿಲ್ಲೆಯಲ್ಲಿಯೇ ಹಂಪೆಯಿದೆ. ಅಲ್ಲಿನ ಮಂಟಪಗಳ ಹಾಸುಗಲ್ಲಿನ ಮೇಲೆ ಕೊರೆದ ಆಟದ ಮನೆಗಳನ್ನು ಇಂದಿಗೂ ನೋಡಬಹುದು. ಹುಲಿ-ಕುರಿ ಆಟಕ್ಕೆ ಬೇಕಾದದ್ದು ಕೆಲವು ಗೆರೆ, ಹಿಡಿ ಹರಳು. ಚಿತ್ರವಿಲ್ಲದೆಯೇ ಹುಲಿ ಹುಲಿಯಾಗುತ್ತದೆ, ಕುರಿ ಕುರಿಯಾಗುತ್ತದೆ. ಏಕೆಂದರೆ ಹಾರಿ ಕೊಲ್ಲುವುದೂ ಗುಂಪಾಗಿ ಕಟ್ಟಿಹಾಕುವುದೂ ನಿಯಮದಲ್ಲಿದೆ. ಹಳೆಯ ಪೀಸಿಯಲ್ಲಿ ಆಟ ಹುಡುಕುವವರು ಇದೇ ಒರೆಗಲ್ಲನ್ನು ಬಳಸಬಹುದು: ಬಣ್ಣವನ್ನು ಮರೆತು ನಿಯಮವನ್ನು ನೋಡಿ.

ಕಲ್ಲಿನ ಗೆರೆ ಶತಮಾನಗಳನ್ನು ದಾಟಿತು; ಫ್ಲಾಪಿಯ ಕಾಂತಲೇಪ ಕೆಲವೇ ದಶಕಗಳಲ್ಲಿ ಅಳಿಯುತ್ತದೆ. ಅಟ್ಟದಿಂದ ಇಳಿದ ಫ್ಲಾಪಿಗಳಲ್ಲಿ ಅರ್ಧಕ್ಕರ್ಧ ಓದಿಸಿಕೊಳ್ಳಲಿಲ್ಲ. ಓದಿಸಿಕೊಂಡವೂ ನಕಲಿನ ನಕಲುಗಳು. ಪ್ರಿನ್ಸ್ ಆಟದ ಮೊದಲ ಹಂತ ಮುಗಿದೊಡನೆ ಕೈಪಿಡಿಯ ಇಂಥ ಪುಟದ, ಇಂಥ ಸಾಲಿನ ಪದದ ಮೊದಲಕ್ಷರ ಯಾವುದೆಂದು ಯಂತ್ರ ಕೇಳುತ್ತದೆ. ಕೈಪಿಡಿ ಕಂಡವರಾದರೂ ನಮ್ಮಲ್ಲಿ ಎಷ್ಟು ಮಂದಿ? ಹೀಗಾಗಿ ಜಾನಪದ ಹಾಡಿನಂತೆ ಕರ್ತೃವಿನ ಹೆಸರಿಲ್ಲದೆಯೇ ಇವು ನಮ್ಮೂರುಗಳನ್ನು ತಲುಪಿದವು. ಹೆಸರನ್ನು ಮರಳಿಸುವುದೂ ವಿಮರ್ಶೆಯ ಕೆಲಸವೇ.

ಯಂತ್ರ ಇಲ್ಲದವರು ನಿರಾಶರಾಗಬೇಕಾಗಿಲ್ಲ. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹೊಸ ಗಣಕದೊಳಗೆ ಹಳೆಯದನ್ನು ಅನುಕರಿಸುತ್ತದೆ. ಇಂಟರ್‌ನೆಟ್ ಆರ್ಕೈವ್ ಸಂಸ್ಥೆ 2015ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಇಂಥ ಆಟಗಳನ್ನು ಆಡಲು ಸಿಗುವಂತೆ ಮಾಡಿತು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಆ ಕಾಲದ ಹಲವು ಆಟಗಳು 4.77 ಮೆಗಾಹರ್ಟ್ಸ್ ಯಂತ್ರದ ವೇಗವನ್ನೇ ತಾಳವೆಂದು ನಂಬಿ ರಚಿತವಾದವು. ವೇಗದ ಯಂತ್ರದಲ್ಲಿ ಹಾಗೆಯೇ ಓಡಿಸಿದರೆ ಷಟ್ಪದಿಯನ್ನು ಒಂದೇ ಉಸಿರಿಗೆ ಓದಿ ಮುಗಿಸಿದಂತಾಗುತ್ತದೆ. ವೇಗವನ್ನು ತಗ್ಗಿಸಿ, ಮೊದಲು ಡಿಗ್ಗರ್ ಆಡಿ ನೋಡಿ; ಎರಡನೆಯ ಸೋಲಿನ ಅನಂತರವೂ ಕೈ ಕೀಲಿಮಣೆಯನ್ನು ಬಿಡದಿದ್ದರೆ ಪ್ರಿನ್ಸ್ ಕಡೆಗೆ ಹೋಗಬಹುದು.