ರಾಣಿಯನ್ನು ಹುಡುಕಬೇಡಿ, ಮೊಟ್ಟೆ ನೋಡಿ

ಬೆಂಗಳೂರಿನ ಹೊರವಲಯದ ಒಂದು ತೋಟದಲ್ಲಿ ಭಾನುವಾರದ ತರಗತಿ. ಬೆಳಿಗ್ಗೆ ತಾರಸಿ ತೋಟದ ಪಾಠ, ಊಟವಾದ ಮೇಲೆ ಜೇನು ಸಾಕಣೆ. ಕಲಿಯಲು ಬಂದವರು ಇಪ್ಪತ್ತು ಜನ. ಕಲಿಸುವವರು ಪೆಟ್ಟಿಗೆಯ ಮುಚ್ಚಳ ತೆಗೆದು, ನೊಣ ಮುತ್ತಿದ ಒಂದು ಚೌಕಟ್ಟನ್ನು ಎತ್ತಿ ಹಿಡಿದು, "ರಾಣಿ ಎಲ್ಲಿದ್ದಾಳೆ, ಹುಡುಕಿ ನೋಡೋಣ" ಅಂದರು. ಹತ್ತು ನಿಮಿಷ ಎಲ್ಲರೂ ಬಗ್ಗಿ ಬಗ್ಗಿ ಹುಡುಕಿದೆವು. ಉದ್ದ ಹೊಟ್ಟೆಯ ಆಕೆ ಕೊನೆಗೂ ಸಿಕ್ಕಳು. ಚಪ್ಪಾಳೆ ಬಿತ್ತು, ಫೋಟೊ ಆಯಿತು. ಅಷ್ಟು ಹೊತ್ತೂ ಆ ಎರಿಯಲ್ಲಿದ್ದ ಮರಿಗಳು ಮಧ್ಯಾಹ್ನದ ಬಿಸಿಲಿಗೆ ಬೇಯುತ್ತಿದ್ದವು ಎಂಬುದು ಯಾರಿಗೂ ಹೊಳೆಯಲಿಲ್ಲ, ನನಗೂ.

ಕೆಲವು ತಿಂಗಳ ನಂತರ ಪುತ್ತೂರಿನ ಕಡೆಯ ಹಿರಿಯ ಕೃಷಿಕರೊಬ್ಬರ ಅಡಿಕೆ ತೋಟದಲ್ಲಿ ಪೆಟ್ಟಿಗೆ ತೆರೆಯುವಾಗ ನಾನು ಅದೇ ಅಭ್ಯಾಸದಲ್ಲಿ ರಾಣಿಗಾಗಿ ಕಣ್ಣಾಡಿಸಿದೆ. ಅವರು ನಕ್ಕರು. "ರಾಣಿಯನ್ನ ಎಂತಕ್ಕೆ ಹುಡುಕುದು ಮಾರಾಯ್ರೇ? ಮೊಟ್ಟೆ ಉಂಟಾ ನೋಡಿ, ಸಾಕು." ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿಸಿದರು. ಹೆಗಲ ಮೇಲಿಂದ ಬಂದ ಬೆಳಕು ನೇರ ಕಣಗಳ ತಳಕ್ಕೆ ಬಿತ್ತು. ಒಂದೊಂದರ ತಳದಲ್ಲೂ ಬಿಳಿ ದಾರದ ತುಂಡಿನಂಥ ಒಂದು ಚುಕ್ಕೆ. ಇಟ್ಟ ದಿನ ಮೊಟ್ಟೆ ನೆಟ್ಟಗೆ ನಿಂತಿರುತ್ತದೆ, ಬರಬರುತ್ತ ವಾಲುತ್ತದೆ, ಮೂರನೆಯ ದಿನಕ್ಕೆ ಮಲಗಿ ಒಡೆಯುತ್ತದೆ. ಮೊಟ್ಟೆ ಕಂಡಿತೆಂದರೆ ಮೂರು ದಿನದ ಈಚೆಗೆ ರಾಣಿ ಅಲ್ಲಿ ಓಡಾಡಿದ್ದಾಳೆ ಎಂದೇ ಅರ್ಥ. ಎರಡೇ ನಿಮಿಷದಲ್ಲಿ ಚೌಕಟ್ಟು ಮತ್ತೆ ಒಳಗೆ ಹೋಯಿತು.

ಸಾವಯವ ಕೈತೋಟ, ಜೇನು ಸಾಕಣೆಗಳನ್ನು ಕೈಯಾರೆ ಕಲಿಸುತ್ತೇವೆ ಎನ್ನುವ ತರಗತಿಗಳನ್ನು ತೂಗಲು ನನ್ನಲ್ಲಿರುವ ಅಳತೆಗೋಲು ಈ ಎರಡು ಮಧ್ಯಾಹ್ನಗಳ ನಡುವಿನ ಅಂತರವೇ. ಎರಡೂ ಕಡೆ ಮುಟ್ಟಿದ್ದು ಅದೇ ಪೆಟ್ಟಿಗೆ, ಅದೇ ಎರಿ. ಒಂದು ಕಡೆ ನೋಟ ಸಿಕ್ಕಿತು, ಇನ್ನೊಂದು ಕಡೆ ಓದು.

ಮೊದಲು ಈ ತರಗತಿಗಳಿಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಪುಸ್ತಕ ಎಷ್ಟು ಓದಿದರೂ ಕಲಿಯಲಾಗದ್ದನ್ನು ಅವು ಕಲಿಸುತ್ತವೆ. ಹದವಾದ ಮಣ್ಣನ್ನು ಮುಷ್ಟಿಯಲ್ಲಿ ಅದುಮಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಒಡೆಯಬೇಕು. ಈ ಹದ ಕೈಗೆ ಮಾತ್ರ ಗೊತ್ತು. ಹೊಸ ಎರಿಯ ಚೌಕಟ್ಟನ್ನು ತಟ್ಟೆಯಂತೆ ಅಡ್ಡ ಹಿಡಿಯಬಾರದು, ತಿರುಗಿಸುವಾಗಲೂ ನೆಟ್ಟಗೇ ಇರಬೇಕು. ಇಲ್ಲದಿದ್ದರೆ ಮೆತ್ತನೆಯ ಮೇಣ ಜೇನಿನ ಭಾರಕ್ಕೆ ಕಳಚಿ ಬೀಳುತ್ತದೆ. ಇದನ್ನು ಒಮ್ಮೆ ಮಾಡಿ ನೋಡಿದವರು ಮರೆಯುವುದಿಲ್ಲ. ಬೆಂಗಳೂರಿನಲ್ಲಿ ತಾರಸಿ ತೋಟದ ಪಾಠ ವರ್ಷಗಟ್ಟಲೆ ನಡೆಸಿ ಸಾವಿರಾರು ಮನೆಗಳ ಮಾಳಿಗೆ ಹಸಿರಾಗಲು ಕಾರಣರಾದ ಕೀಟಶಾಸ್ತ್ರಜ್ಞ ಡಾ. ಬಿ.ಎನ್. ವಿಶ್ವನಾಥ್ ಅವರ ಕೆಲಸ, ದೊಡ್ಡಬಳ್ಳಾಪುರದ ಬಳಿಯ ತಮ್ಮ ಹೊಲವನ್ನೇ ಶಾಲೆ ಮಾಡಿಕೊಂಡಿದ್ದ, 2019ರಲ್ಲಿ ತೀರಿಕೊಂಡ ಎಲ್. ನಾರಾಯಣ ರೆಡ್ಡಿ ಅವರ ಕೆಲಸ ನಮ್ಮ ಕಣ್ಣೆದುರಿಗಿದೆ. ಕೊಡಗಿನ ಭಾಗಮಂಡಲದಲ್ಲಿ ಸರ್ಕಾರದ್ದೇ ಜೇನು ಕೃಷಿ ತರಬೇತಿ ಕೇಂದ್ರವಿದೆ. ಕಲಿಸುವ ಪರಂಪರೆ ನಮ್ಮಲ್ಲಿ ಬಡವಾಗಿಲ್ಲ.

ತೊಡಕಿರುವುದು ಒಂದು ದಿನದ ಅಚ್ಚಿನಲ್ಲಿ. ಬೆಳಿಗ್ಗೆ ಹತ್ತಕ್ಕೆ ಶುರು, ಸಂಜೆ ಐದಕ್ಕೆ ಪ್ರಮಾಣಪತ್ರ. ಈ ವೇಳಾಪಟ್ಟಿ ಮನುಷ್ಯರಿಗೆ ಅನುಕೂಲ, ಹೂವಿಗೆ ಅಲ್ಲ. ಕುಂಬಳದ ಹೂ ನಸುಕಿಗೆ ಅರಳಿ ಹತ್ತರ ಹೊತ್ತಿಗೆ ಮುದುಡಲು ತೊಡಗುತ್ತದೆ. ಹೀರೆ, ಸೋರೆಯ ಹೂ ಅರಳುವುದೇ ಸಂಜೆ. ಹಾಗಾಗಿ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಪರಾಗ ತಾಗಿಸುವ ಪಾಠವನ್ನು ನಾನು ಕಂಡ ತರಗತಿಗಳಲ್ಲೆಲ್ಲ ಪರದೆಯ ಮೇಲಿನ ಚಿತ್ರದಲ್ಲೇ ಮುಗಿಸಿದರು. ಕೈಯಾರೆ ಕಲಿಯಬೇಕಾದದ್ದು ಅದೇ ಆಗಿತ್ತು. ಮಾಳಿಗೆಯಲ್ಲಿ ಕುಂಬಳದ ಹೀಚು ಹಳದಿಯಾಗಿ ಉದುರಿದಾಗ ಮನೆಯವರು ಗೊಬ್ಬರ ಸಾಲದೆಂದು ಇನ್ನಷ್ಟು ಸುರಿಯುತ್ತಾರೆ. ಅನೇಕ ಸಲ ಅಲ್ಲಿ ಕಡಿಮೆಯಾಗಿದ್ದದ್ದು ಬೆಳಗಿನ ಏಳು ಗಂಟೆಗೆ ಮೇಲೆ ಹತ್ತಿ ಬರುವ ಒಬ್ಬ ಮನುಷ್ಯ.

ಕಾಂಪೋಸ್ಟ್ ಪಾಠವೂ ಟೀವಿಯ ಅಡುಗೆ ಕಾರ್ಯಕ್ರಮದಂತೆಯೇ. ತರಕಾರಿ ಸಿಪ್ಪೆ, ತರಗೆಲೆ ಪದರ ಪದರವಾಗಿ ಡಬ್ಬಿಗೆ ತುಂಬುತ್ತಾರೆ. ಪಕ್ಕದ ಡಬ್ಬಿ ತೆರೆದರೆ ಕಾಡಿನ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ತಯಾರು. ನಡುವೆ ಒಂದು ವಾರ ಬರುತ್ತದಲ್ಲ, ಡಬ್ಬಿ ನಾರಿ, ಹುಳು ಬಿದ್ದು, ಮನೆಯಲ್ಲಿ ಜಗಳವಾಗುವ ವಾರ, ಅದನ್ನು ಯಾರೂ ತೋರಿಸುವುದಿಲ್ಲ. ಪರಿಹಾರ ಸರಳ: ಹಸಿ ಹೆಚ್ಚಾಗಿ ಗಾಳಿ ಕಡಿಮೆಯಾಗಿದೆ, ಒಣ ಎಲೆ ಬೆರೆಸಿ ಮಗುಚಬೇಕು, ಅಷ್ಟೇ. ಆದರೆ ನಾರುವ ಡಬ್ಬಿಯೊಳಗೆ ಕೈ ಹಾಕಿ ಒಮ್ಮೆ ಸರಿಮಾಡಿದವರಿಗೆ ಮಾತ್ರ ಧೈರ್ಯ ಬರುತ್ತದೆ. ಒಳ್ಳೆಯ ತರಗತಿ ಒಂದು ಕೆಟ್ಟ ಡಬ್ಬಿಯನ್ನು ಬೇಕೆಂದೇ ಇಟ್ಟುಕೊಂಡಿರಬೇಕು.

ತೋಟ, ಜೇನು ಎರಡನ್ನೂ ಒಂದೇ ಚೀಟಿಯಲ್ಲಿ ಮಾರುವಾಗ ಹೇಳುವ ಮಾತು ಒಂದಿದೆ: ಪೆಟ್ಟಿಗೆ ಇಡಿ, ತರಕಾರಿ ಇಳುವರಿ ಹೆಚ್ಚುತ್ತದೆ. ಸೌತೆ, ಕುಂಬಳ, ಹಾಗಲದ ಮಟ್ಟಿಗೆ ಇದು ನಿಜ. ನಗರದ ತಾರಸಿಯಲ್ಲಿ ಎಲ್ಲರೂ ಮೊದಲು ನೆಡುವ ಟೊಮೆಟೊ, ಬದನೆಗೆ ಈ ಮಾತು ಸಲ್ಲದು. ಅವುಗಳ ಪರಾಗ ಕೇಸರದ ಕೊಳವೆಯೊಳಗೆ ಅಡಗಿರುತ್ತದೆ. ಹೂವನ್ನು ಕಚ್ಚಿ ಹಿಡಿದು ಮೈ ನಡುಗಿಸಿ ಉದುರಿಸಬೇಕು. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಆ ವಿದ್ಯೆ ಬಾರದು. ಬರುವುದು ಒಣಮರ ಕೊರೆದು ಗೂಡು ಮಾಡುವ ಕಪ್ಪು ದುಂಬಿಗೆ, ಮಣ್ಣಿನಲ್ಲಿ ಬಿಲ ತೋಡುವ ನೀಲಿ ಪಟ್ಟೆಯ ಒಂಟಿ ಜೇನಿಗೆ. ಅವನ್ನು ಕರೆಯಲು ಪೆಟ್ಟಿಗೆ ಬೇಕಿಲ್ಲ. ಮೂಲೆಯಲ್ಲಿ ಒಂದು ಒಣಕೊಂಬೆ, ಸಿಮೆಂಟು ಬಳಿಯದ ಒಂದು ಮೊಳ ನೆಲ ಬಿಟ್ಟರಾಯಿತು. ದುಡ್ಡಿಲ್ಲದೆ ಆಗುವ ಈ ಕೆಲಸ ಯಾವ ತರಗತಿಯ ಪಟ್ಟಿಯಲ್ಲೂ ನನಗೆ ಕಂಡಿಲ್ಲ.

'ಸಾವಯವ' ಎಂಬ ಮಾತಿನ ಮೇಲಿನ ಭರವಸೆಯೂ ಇಷ್ಟೇ ಸಡಿಲ. ಬೇವಿನೆಣ್ಣೆ ಸಾವಯವವೇ, ಆದರೆ ಹೂಬಿಟ್ಟ ಗಿಡಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ಸಿಂಪಡಿಸಿದರೆ ಅದು ನೊಣದ ಮೈಗೂ ಬೀಳುತ್ತದೆ. ನೊಣಗಳು ಗೂಡು ಸೇರಿದ ಮೇಲೆ ಸಂಜೆ ಸಿಂಪಡಿಸಿ ಎಂಬುದು ಒಂದೇ ವಾಕ್ಯದ ಪಾಠ. ಬೆಳಗಿನ ತೋಟದ ಮೇಷ್ಟರು, ಮಧ್ಯಾಹ್ನದ ಜೇನಿನ ಮೇಷ್ಟರು ಊಟದ ಹೊತ್ತಿಗೆ ಪರಸ್ಪರ ಮಾತಾಡಿಕೊಂಡಿದ್ದರೂ ಅದು ನಮ್ಮ ಕಿವಿಗೆ ಬೀಳುತ್ತಿತ್ತು.

ಇನ್ನು ಜೇನಿನ ಪಾಠ. ಇಲ್ಲಿ ತಪ್ಪಿನ ಬೆಲೆ ತೆರುವುದು ಜೀವಗಳು, ಆದ್ದರಿಂದ ವಿಮರ್ಶೆಯೂ ಬಿಗಿಯಾಗಿರಬೇಕು. ಹೆಜ್ಜೇನು ಪೆಟ್ಟಿಗೆಗೆ ಒಗ್ಗುವುದಿಲ್ಲ, ಕೋಲುಜೇನೂ ಹಾಗೆಯೇ. ಸಾಕಲು ಬರುವುದು ತುಡುವೆ, ಹೊರಗಿನಿಂದ ಬಂದ ಮೆಲ್ಲಿಫೆರಾ, ಚುಚ್ಚದ ಮುಜಂಟಿ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಪೆಟ್ಟಿಗೆಯ ಕಥೆಯನ್ನೂ ಹೇಳುತ್ತಾರೆ: 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎರಿಗಳ ನಡುವೆ ನೊಣ ಓಡಾಡಲು ಬಿಡುವ ಜಾಗದ ಲೆಕ್ಕ ಹಿಡಿದು ಚೌಕಟ್ಟು ಎತ್ತಬಹುದಾದ ಪೆಟ್ಟಿಗೆ ಮಾಡಿದ್ದು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಿರುಚಿರಾಪಳ್ಳಿಯ ಫಾದರ್ ನ್ಯೂಟನ್ ಅದನ್ನು ನಮ್ಮ ಪುಟ್ಟ ತುಡುವೆಯ ಅಳತೆಗೆ ಇಳಿಸಿದ್ದು. ಕಥೆ ಅಲ್ಲಿಗೆ ನಿಲ್ಲುತ್ತದೆ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂದು, ಸಾಕಿದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಾಶವಾದದ್ದನ್ನು ಹೇಳುವವರು ವಿರಳ. ಕೊಡಗಿನಲ್ಲಿ, ದಕ್ಷಿಣ ಕನ್ನಡದಲ್ಲಿ ಹಿತ್ತಿಲು ತುಂಬ ಪೆಟ್ಟಿಗೆಯಿದ್ದ ಮನೆಗಳಲ್ಲಿ ಬರೀ ಮರದ ಡಬ್ಬಗಳು ಉಳಿದವು. ಅದಕ್ಕೆ ಮದ್ದು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಕೋಶದೊಳಗೆ ತಲೆಯೆತ್ತಿ ದೋಣಿಯಾಕಾರದಲ್ಲಿ ಸತ್ತು ಬಿದ್ದ ಮರಿಯ ಗುರುತು ಹಿಡಿಯುವುದು, ಆ ಎರಿಗಳನ್ನು ತೆಗೆದು ನಾಶಮಾಡುವುದು, ರೋಗವಿದ್ದ ಪೆಟ್ಟಿಗೆಯ ಸಲಕರಣೆ ಇನ್ನೊಂದಕ್ಕೆ ತಾಗದಂತೆ ನೋಡಿಕೊಳ್ಳುವುದು — ಉಳಿದಿರುವ ದಾರಿ ಇದೇ. ರಾಣಿಯ ಫೋಟೊಗಿಂತ ಮೊದಲು ಕಲಿಸಬೇಕಾದದ್ದು ಈ ಮರಿಯ ಗುರುತನ್ನು.

ನನ್ನದೇ ಪಾಡು ಹೇಳುತ್ತೇನೆ. ತರಗತಿ ಮುಗಿದ ಉತ್ಸಾಹದಲ್ಲಿ ಜೇನು ಕುಟುಂಬ ಸಮೇತ ಒಂದು ಪೆಟ್ಟಿಗೆ ಕೊಂಡು ತಂದೆ. ಹೊಂಗೆ ಹೂಬಿಟ್ಟ ಬೇಸಿಗೆಯಲ್ಲಿ ಎಲ್ಲ ಚೆನ್ನಾಗಿತ್ತು. ಆಷಾಢ ಬಂತು, ಮೋಡ, ಜಡಿಮಳೆ, ಸುತ್ತ ಹೂವಿಲ್ಲ. ಸಕ್ಕರೆ ಪಾಕ ಇಡಬೇಕೆಂದು ಗೊತ್ತಿತ್ತು, ಯಾವಾಗ ಎಂದು ಗೊತ್ತಿರಲಿಲ್ಲ. ಪೆಟ್ಟಿಗೆ ಎತ್ತಿ ಭಾರ ನೋಡಬೇಕೆಂದು ಯಾರೂ ಹೇಳಿರಲಿಲ್ಲ. ಪೆಟ್ಟಿಗೆಯ ಕಾಲುಗಳಡಿಯ ನೀರಿನ ಬಟ್ಟಲಿಗೆ ಎಲೆ ಬಿದ್ದು ಸೇತುವೆಯಾಗಿ ಇರುವೆ ಹತ್ತಿತು, ಖಾಲಿ ಎರಿಗೆ ಮೇಣದ ಹುಳು ಬಲೆ ನೇಯಿತು. ಒಂದು ಬಿಸಿಲಿನ ದಿನ ತುಡುವೆ ಇಡೀ ಸಂಸಾರ ಕಟ್ಟಿಕೊಂಡು ಹೊರಟುಹೋಯಿತು. ಕಲಿಸಿದವರಿಗೆ ಫೋನು ಮಾಡಿದೆ. "ಇನ್ನೊಂದು ಕುಟುಂಬ ಕಳಿಸಿಕೊಡ್ತೀವಿ ಸಾರ್, ಈ ಸಲ ರಿಯಾಯಿತಿ ಇದೆ" ಅಂದರು. ತರಗತಿ ಎಲ್ಲಿ ಅಂಗಡಿಯಾಗಿ ಮಾರ್ಪಡುತ್ತದೆಂದು ನನಗೆ ತಿಳಿದದ್ದು ಆಗ.

ತಪ್ಪು ನನ್ನದೂ ಹೌದು. ಹಸು ಕೊಳ್ಳುವ ಮೊದಲು ಮೇವೆಲ್ಲಿ ಎಂದು ಕೇಳುವವನು ಜೇನಿಗೆ ಮೇವೆಲ್ಲಿ ಎಂದು ಕೇಳಿರಲಿಲ್ಲ. ತಾರಸಿಯ ಮೂವತ್ತು ಕುಂಡ ಸಾವಿರಾರು ನೊಣಗಳ ಸಂಸಾರಕ್ಕೆ ಒಂದು ಹೊತ್ತಿನ ತಿಂಡಿಗೂ ಸಾಲದು. ಅವು ಬದುಕುವುದು ಬೀದಿಯ ಹೊಂಗೆ, ಬೇವು, ನೇರಳೆ, ಪಕ್ಕದ ಖಾಲಿ ಸೈಟಿನ ಕಳೆಗಿಡಗಳ ಮೇಲೆ. ಮಲೆನಾಡಿನವರಿಗೆ ಇದು ಹೇಳಿಕೊಡಬೇಕಾದ ಪಾಠವಲ್ಲ. ರಬ್ಬರ್ ಚಿಗುರುವುದು ಯಾವಾಗ, ಹೂಮಳೆ ಬಿದ್ದ ಮೇಲೆ ಕಾಫಿ ಅರಳುವುದು ಯಾವಾಗ ಎಂಬುದರ ಮೇಲೇ ಅವರ ಜೇನಿನ ವರ್ಷ ನಿಂತಿದೆ. ನಗರದಲ್ಲಿ ಜೇನು ಕಲಿಸುವವರು ಪೆಟ್ಟಿಗೆ ತೆರೆಯುವ ಮೊದಲು ಕಲಿಯುವವರನ್ನು ಬೀದಿಗೆ ಕರೆದೊಯ್ದು ಒಂದು ಕಿಲೋಮೀಟರು ನಡೆಸಿ, ಯಾವ ಮರ ಯಾವ ತಿಂಗಳು ಹೂಬಿಡುತ್ತದೆ ಎಂದು ಬರೆಸಬೇಕು. ಆಷಾಢದ ಅಂಕಣ ಖಾಲಿ ಉಳಿದರೆ ಪೆಟ್ಟಿಗೆ ಬೇಡ ಎಂದು ಹೇಳುವ ಎದೆಗಾರಿಕೆಯೂ ಇರಬೇಕು.

2020ರಲ್ಲಿ ಕೇಂದ್ರ ಸರ್ಕಾರ ಜೇನು ಸಾಕಣೆಗೆ 500 ಕೋಟಿ ರೂಪಾಯಿಯ ಯೋಜನೆ ಘೋಷಿಸಿತು. ಇಂಥ ಯೋಜನೆಗಳಲ್ಲಿ ಪೆಟ್ಟಿಗೆ ಎಷ್ಟು ಹಂಚಿದೆವು, ಎಷ್ಟು ಜನರಿಗೆ ತರಬೇತಿ ಕೊಟ್ಟೆವು ಎಂಬ ಲೆಕ್ಕ ಸುಲಭ. ಮರುವರ್ಷ ಎಷ್ಟರಲ್ಲಿ ನೊಣವಿತ್ತು ಎಂಬ ಲೆಕ್ಕವೇ ನಿಜವಾದ ಲೆಕ್ಕ.

ನನ್ನ ತೀರ್ಪು ಇಷ್ಟು. ತೋಟದ ತರಗತಿಗೆ ಹೋಗಿ, ಒಂದು ದಿನದ್ದಾದರೂ ನಷ್ಟವಿಲ್ಲ. ಸತ್ತ ಟೊಮೆಟೊ ಗಿಡ ಗೊಬ್ಬರವಾಗುತ್ತದೆ. ಜೇನಿಗೆ ಒಂದು ದಿನದ ತರಗತಿ ಸಾಲದು. ಹೂವಿನ ಕಾಲ, ಮಳೆಗಾಲ, ಕುಟುಂಬ ಪಾಲಾಗುವ ಕಾಲ, ಹೀಗೆ ವರ್ಷಕ್ಕೆ ಮೂರು ಸಲವಾದರೂ ಅದೇ ಪೆಟ್ಟಿಗೆಯ ಮುಂದೆ ನಿಲ್ಲಿಸುವ ಗುರು ಬೇಕು. ದುಡ್ಡು ಕಟ್ಟುವ ಮೊದಲು ಎರಡೇ ಪ್ರಶ್ನೆ ಕೇಳಿ: ಆಷಾಢದಲ್ಲಿ ಮತ್ತೆ ಕರೆಯುತ್ತೀರಾ? ಕಳೆದ ವರ್ಷ ನಿಮ್ಮ ಪೆಟ್ಟಿಗೆಗಳಲ್ಲಿ ಎಷ್ಟು ಖಾಲಿಯಾದವು? ಎರಡನೆಯದಕ್ಕೆ "ಒಂದೂ ಇಲ್ಲ" ಎಂದವರನ್ನು ನಂಬಬೇಡಿ. ಪುತ್ತೂರಿನ ಹಿರಿಯರನ್ನು ನಾನು ಕೇಳಿದ್ದೆ. ಬೆರಳು ಮಡಚಿ ಎಣಿಸಿ, "ಹನ್ನೆರಡರಲ್ಲಿ ನಾಲ್ಕು" ಅಂದರು. ಈಗ ನಾನು ಕಲಿಯುತ್ತಿರುವುದು ಅವರ ಬಳಿ.